ಚಿತ್ರದಲ್ಲಿಲ್ಲದ ಮೇಷ್ಟ್ರು

ಫೆಬ್ರವರಿ ಹದಿನಾರು, ಭಾನುವಾರ. ಬೆಳಗಿನಿಂದ ತೆಳು ಮೋಡ, ಗಾಳಿ ಇಲ್ಲ. ಒಂಬತ್ತರ ಹೊತ್ತಿಗೆ ನಾಲ್ಕು ಹನಿ ಉದುರಿ, ಹೆದರಿಸಿ, ಸುಮ್ಮನಾಯಿತು. ಆಮೇಲೆ ಬೆಳಕು ಹದವಾಗಿ ಹರಡಿತು.

ಫೋಟೋ ಸ್ಟುಡಿಯೋ ನಡೆಸುವವರಿಗೆ ಇಂಥ ಬೆಳಕು ಬೇಡಿಕೊಂಡರೂ ಸಿಗುವುದಿಲ್ಲ. ಮೂಗಿನ ನೆರಳು ತುಟಿಯ ಮೇಲೆ ಬಂದು ಕೂರುವುದಿಲ್ಲ, ವಯಸ್ಸಾದವರು ಕಣ್ಣು ಕಿರಿದು ಮಾಡುವುದಿಲ್ಲ. ಆಕೆ ದೊಡ್ಡ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು, ಹಿಂಬದಿಯ ಬೂದು ಬಟ್ಟೆಯ ಸುಕ್ಕು ಎಳೆದಳು, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದಳು. ಬೀದಿಯವರಿಗೆಲ್ಲ ಆಕೆ ಸ್ಟುಡಿಯೋ ಅಕ್ಕ. ಆಕೆಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಾರೆ. ಇನ್ನೆರಡು ವರ್ಷಕ್ಕೆ ಐವತ್ತು ತುಂಬುವ ಆಕೆ ಅದಕ್ಕೆ ಬೇಸರಿಸಿಕೊಂಡದ್ದಿಲ್ಲ. ಇತಿಹಾಸದಲ್ಲಿ ಪದವಿ ಪಡೆದು, ಅಪ್ಪನ ಕೈಕೆಳಗೆ ಕತ್ತಲ ಕೋಣೆಯ ಕೆಲಸ ಕಲಿತು, ಅಪ್ಪ ಹೋದ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಆಕೆಯ ಮದುವೆಯ ಮಾತು ಬಂದಾಗಲೆಲ್ಲ ಸ್ಟುಡಿಯೋದಲ್ಲಿ ಬೇರೆ ಯಾರದೋ ಮದುವೆಯ ಕೆಲಸವಿರುತ್ತಿತ್ತು. ಹಾಗೇ ಆ ಮಾತು ನಿಂತುಹೋಯಿತು.

ಅಪ್ಪ ಅಂಗಡಿಯ ಬಾಗಿಲು ತೆರೆದದ್ದು ಫೆಬ್ರವರಿ ಹದಿನಾರರಂದು. ಪ್ರತಿ ವರ್ಷ ಅದೇ ದಿನ ಮನೆಮಂದಿಯೆಲ್ಲ ಸ್ಟುಡಿಯೋದಲ್ಲಿ ನಿಂತು ಒಂದು ಚಿತ್ರ ತೆಗೆಸಿಕೊಳ್ಳಬೇಕು, ಆ ಚಿತ್ರ ಬೀದಿಗೆ ಕಾಣುವ ಗಾಜಿನ ಕಪಾಟಿನ ನಟ್ಟನಡುವೆ ವರ್ಷವಿಡೀ ಇರಬೇಕು ಎಂದು ಆತ ಕಟ್ಟಳೆ ಮಾಡಿದ್ದ. ಸ್ವಂತ ಮನೆಯವರ ಚಿತ್ರವನ್ನೇ ನೆಟ್ಟಗೆ ತೆಗೆಯಲಾರದವನ ಹತ್ತಿರ ಜನ ಯಾಕೆ ಬರುತ್ತಾರೆ ಎಂಬುದು ಆತನ ವಾದ. ಹಳೆಯ ಚಿತ್ರಗಳೆಲ್ಲ ಒಳಕೋಣೆಯ ಗೋಡೆಗೆ ಹೋಗುತ್ತಿದ್ದವು. ಅಲ್ಲಿ ಅಮ್ಮನ ಕೂದಲು ಚೌಕಟ್ಟಿನಿಂದ ಚೌಕಟ್ಟಿಗೆ ಬೆಳ್ಳಗಾಗುತ್ತ ಹೋಗುವುದನ್ನು ಕಾಣಬಹುದು. ತಮ್ಮನ ಮೀಸೆ ಬಂದು, ದಪ್ಪವಾಗಿ, ಮಾಯವಾದದ್ದನ್ನೂ ಕಾಣಬಹುದು. ಕೊನೆಯ ಹನ್ನೊಂದು ಚಿತ್ರಗಳಲ್ಲಿ ಅಪ್ಪನಿಲ್ಲ. ಅವೇ ಹನ್ನೊಂದರಲ್ಲಿ ಇರಬೇಕಾಗಿದ್ದ ಇನ್ನೊಬ್ಬರೂ ಇಲ್ಲ. ಅವರು ಲೆಕ್ಕದ ಮೇಷ್ಟ್ರು.

ಆಕೆಯ ತಮ್ಮ ಹಲ್ಲಿನ ಪ್ರಯೋಗಾಲಯವೊಂದರಲ್ಲಿ ಕಟ್ಟುಹಲ್ಲು ತಯಾರಿಸುವ ಕೆಲಸಗಾರ. ಮೇಷ್ಟ್ರು ಹೈಸ್ಕೂಲು ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುವವರು. ಇಬ್ಬರೂ ಎರಡು ಬೀದಿ ಆಚೆಗೆ ಒಂದು ಮಹಡಿಮನೆಯಲ್ಲಿ ಹನ್ನೆರಡು ವರ್ಷದಿಂದ ಒಟ್ಟಿಗಿದ್ದಾರೆ. ಮೊದಲ ವರ್ಷವೇ ತಮ್ಮ ಒಂದು ಮಧ್ಯಾಹ್ನ ಊಟಕ್ಕೆ ಬಂದು, ತಟ್ಟೆ ನೋಡುತ್ತಲೇ ಹೇಳಿದ್ದ: ನಾವಿಬ್ಬರೂ ಜೊತೆಯಲ್ಲಿದ್ದೇವೆ, ನೀವು ಅಂದುಕೊಂಡ ಹಾಗೆ ಬರೀ ಸ್ನೇಹಿತರಲ್ಲ, ಸಂಸಾರ ಹೂಡಿದವರ ಹಾಗೆ. ಅಪ್ಪ ಕನ್ನಡಕ ಒರೆಸಿದ. ಅಮ್ಮ ಆ ಮೇಷ್ಟ್ರು ಮಧ್ಯಾಹ್ನ ಏನು ಉಣ್ಣುತ್ತಾರೆಂದು ಕೇಳಿದಳು. ಅಕ್ಕ ಮರುದಿನ ಒಂದು ಡಬ್ಬಿ ತುಂಬಿ ಕಳಿಸಿದಳು. ಅಲ್ಲಿಗೆ ವಿಚಾರಣೆ ಮುಗಿದಿತ್ತು. ಒಪ್ಪಿಗೆ ಸಿಕ್ಕಿತ್ತು, ಆದರೆ ಅದಕ್ಕೆ ಮಾತಿರಲಿಲ್ಲ. ಯಾರಾದರೂ ಕೇಳಿದರೆ ತಮ್ಮನ ಸ್ನೇಹಿತರು ಎನ್ನುತ್ತಿದ್ದರು. ಹೇಳಿದವರಿಗೂ ಕೇಳಿದವರಿಗೂ ಅದರಿಂದ ಅನುಕೂಲವಾಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಫೆಬ್ರವರಿಯಲ್ಲಿ, ಬೂದು ಬಟ್ಟೆಯ ಮುಂದೆ ಮೂರೇ ಜನ ನಿಂತಿದ್ದರು. ಯಾರು ಎಲ್ಲಿ ನಿಲ್ಲಬೇಕೆಂಬ ಮುಜುಗರ ಹುಟ್ಟುವ ಮೊದಲೇ ಮೇಷ್ಟ್ರು ಕ್ಯಾಮೆರಾದ ಹಿಂದೆ ಸರಿದು, "ನೀವು ನಿಲ್ಲಿ ಮೇಡಂ, ನಾನು ಒತ್ತುತೀನಿ. ಯಾರಾದ್ರೂ ಒತ್ತಬೇಕಲ್ಲ," ಎಂದರು. ದೊಡ್ಡ ಮನಸ್ಸಿನ ಮಾತು. ಎಲ್ಲರೂ ಹಗುರಾದರು. ಮರುವರ್ಷವೂ ಅವರೇ ಒತ್ತಿದರು. ಮೂರನೆಯ ವರ್ಷಕ್ಕೆ ಅದು ಅವರ ಕೆಲಸವೇ ಆಗಿಹೋಯಿತು.

ತರಗತಿಯ ಸುದ್ದಿ ಆಕೆಗೆ ತಿಳಿದದ್ದು ಕೆಲಸದ ನೆಪದಲ್ಲೇ. ಹೋದ ನವೆಂಬರಿನಲ್ಲಿ ಬಡಾವಣೆಯ ವಾಚನಾಲಯದವರು ಭಿತ್ತಿಪತ್ರಗಳನ್ನು ಮುದ್ರಿಸಲು ಕೊಟ್ಟರು: 'ಕ್ವಿಯರ್ ಸಿದ್ಧಾಂತ, ಆರಂಭಿಕ ಪಾಠಗಳು. ಆನ್‌ಲೈನ್. ಪ್ರತಿ ಶನಿವಾರ ಸಂಜೆ. ಯಾರು ಬೇಕಾದರೂ ಸೇರಬಹುದು.' ಅಂಚು ಕತ್ತರಿಸುವ ಯಂತ್ರದ ಮುಂದೆ ಕೂತು ಅದೇ ಸಾಲನ್ನು ಓದಿ ಓದಿ, ಕೊನೆಯ ಕಟ್ಟು ಮುಗಿಯುವಷ್ಟರಲ್ಲಿ ಆಕೆಗೆ 'ಯಾರು ಬೇಕಾದರೂ' ಎಂಬುದರಲ್ಲಿ ತಾನೂ ಸೇರುತ್ತೇನೆ ಎನ್ನಿಸಿತ್ತು. ಭಿತ್ತಿಪತ್ರ ಕೊಡಲು ಹೋದವಳು ಶುಲ್ಕ ಕಟ್ಟಿ ಬಂದಳು. ಹನ್ನೆರಡು ವರ್ಷ ಡಬ್ಬಿ ಕಳಿಸಿದ್ದಾಯಿತು, ಇನ್ನು ನಾಲ್ಕು ಮಾತನ್ನೂ ಕಲಿಯೋಣ ಎಂಬುದು ಒಳಗಿನ ಲೆಕ್ಕ. ಅದನ್ನು ಆಕೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮೊದಲ ಶನಿವಾರ ಆಕೆಯ ಗಮನವೆಲ್ಲ ಪಾಠಕ್ಕಿಂತ ಪರದೆಯ ಮೇಲಿನ ಮುಖಗಳ ಕಡೆಗೇ ಹೋಯಿತು. ಅಧ್ಯಾಪಕಿ ಕಿಟಕಿಗೆ ಬೆನ್ನು ಮಾಡಿ ಕೂತು ಬರೀ ನೆರಳಾಗಿದ್ದರು. ನಿವೃತ್ತ ಬಸ್ ಡ್ರೈವರ್ ಒಬ್ಬರ ಹಣೆ ಮಾತ್ರ ಕಾಣುತ್ತಿತ್ತು, ಅದೂ ಚೆನ್ನಾಗಿ ಹೊಳೆಯುತ್ತಿತ್ತು. ಆಸ್ಪತ್ರೆಯ ಕ್ಯಾಂಟೀನಿನಿಂದ ಸೇರಿಕೊಂಡಿದ್ದ ನರ್ಸ್ ಒಬ್ಬಳ ಮುಖ ಫ್ರಿಜ್ಜಿನ ಬೆಳಕಿಗೆ ನೀಲಿಯಾಗಿತ್ತು. ವೃತ್ತಿಯ ಚಟ, ಎರಡನೆಯ ವಾರ ಪಾಠಕ್ಕೆ ಮೊದಲು ಆಕೆ ಸಂಕೋಚದಿಂದಲೇ ಒಂದು ಮಾತು ಹೇಳಿದಳು: ದೀಪ ಎದುರಿಗಿರಲಿ, ಫೋನು ಕಣ್ಣಿನ ಮಟ್ಟಕ್ಕಿರಲಿ. ಡ್ರೈವರ್ ಸಾಹೇಬರು ನಾಲ್ಕು ಪುಸ್ತಕ ಪೇರಿಸಿ ಅದರ ಮೇಲೆ ಫೋನಿಟ್ಟರು. ಅವರಿಗೊಂದು ಮೂಗು, ಬಾಯಿ ಇರುವುದು ಅಂದೇ ಎಲ್ಲರಿಗೂ ತಿಳಿದದ್ದು. ಅಂದಿನಿಂದ ತರಗತಿಯಲ್ಲಿ ಆಕೆ ಸ್ಟುಡಿಯೋ ಮೇಡಂ. ಪಾಠಕ್ಕೆ ಯಾಕೆ ಸೇರಿದಿರೆಂದು ಅಧ್ಯಾಪಕಿ ಕೇಳಿದಾಗ, ಹೆಸರು ಹೇಳದೆ, ತಮ್ಮನ ಮತ್ತು ಅವನ ಜೊತೆಯವರ ವಿಷಯ ಹೇಳಿದ್ದಳು.

ಪಾಠ ಕಷ್ಟವಿತ್ತು. ಓದುಹಾಳೆಯ ಒಂದು ವಾಕ್ಯ ಹಿಡಿದರೆ ಪುಟದ ತುದಿಗೆ ಹೋಗಿ ಬಿಡುತ್ತಿತ್ತು. ಅಲ್ಲಿಗೆ ತಲುಪುವ ಹೊತ್ತಿಗೆ ಎಲ್ಲಿಂದ ಹೊರಟೆವೆಂಬುದೇ ಮರೆತಿರುತ್ತಿತ್ತು. ಆದರೆ ಅಧ್ಯಾಪಕಿ ಬಿಡಿಸಿ ಹೇಳುವಾಗ ಆಕೆಯ ಕಿವಿ ನೆಟ್ಟಗಾಗುತ್ತಿತ್ತು. ಕ್ವಿಯರ್, ಅಂದರೆ ವಿಚಿತ್ರ, ಎಂಬ ಪದ ಒಂದು ಕಾಲಕ್ಕೆ ಗಂಡನ್ನು ಮೆಚ್ಚುವ ಗಂಡಿಗೆ, ಹೆಣ್ಣನ್ನು ಮೆಚ್ಚುವ ಹೆಣ್ಣಿಗೆ ಬೈಗುಳವಾಗಿತ್ತಂತೆ; ಬೈಸಿಕೊಂಡವರೇ ಅದನ್ನು ನೆಲದಿಂದ ಎತ್ತಿ, ಧೂಳು ಕೊಡವಿ, ತಲೆ ಎತ್ತಿ ತಮ್ಮ ಹೆಸರಾಗಿ ಇಟ್ಟುಕೊಂಡರಂತೆ. ಈ ಪಾಠ ಕೆಲವರನ್ನು ಮಾತ್ರ ಕುರಿತದ್ದಲ್ಲ, ಎಲ್ಲರನ್ನೂ ಕುರಿತದ್ದು ಎಂದರು. ನಾವು ಸಹಜ ಎಂದು ಕರೆಯುವುದು ತಾನಾಗಿ ನಡೆಯುವುದಿಲ್ಲ, ಯಾರೋ ದಿನವೂ ಅದನ್ನು ನಡೆಸಿಕೊಂಡು ಹೋಗುತ್ತಿರುತ್ತಾರೆ ಎಂದರು. ಗಂಡಸಿನ ಗಂಡಸುತನವೂ ಹೆಂಗಸಿನ ಹೆಣ್ತನವೂ ಬಹುಪಾಲು ಮಾಡಿ ಮಾಡಿ ರೂಢಿಯಾದದ್ದು ಎಂದಾಗ ಆಕೆ ಪೆನ್ನು ಕೆಳಗಿಟ್ಟಳು. ಇಷ್ಟು ವರ್ಷ ಮದುವೆಯ ಚಿತ್ರ ತೆಗೆಯುವಾಗ ಪ್ರತಿ ಗಂಡಿಗೂ 'ಎದೆ ಸ್ವಲ್ಪ ಮುಂದೆ' ಎಂದವಳು, ಪ್ರತಿ ಹೆಣ್ಣಿಗೂ 'ಗಲ್ಲ ಸ್ವಲ್ಪ ಕೆಳಗೆ' ಎಂದವಳು ತಾನೇ ಅಲ್ಲವೆ. ಅದು ಯಾಕೆಂದು ತನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಹೇಳುತ್ತಿದ್ದ, ತಾನೂ ಹೇಳಿದಳು, ಅವರೂ ಹಾಗೇ ನಿಂತರು.

ತಮ್ಮನಿಗೆ ವಿಷಯ ಗೊತ್ತಾದದ್ದು ಓದುಹಾಳೆಗಳಿಂದ. ಅಮ್ಮನ ಹಲ್ಲಿನ ಸೆಟ್ಟಿಗೆ ಹೊಳಪು ಕೊಟ್ಟು ಮರಳಿಸಲು ಬಂದವನು ಮೇಜಿನ ಮೇಲಿದ್ದ ಹಾಳೆ ಎತ್ತಿ, ಶೀರ್ಷಿಕೆ ಓದಿ, ಕುರ್ಚಿ ಎಳೆದುಕೊಂಡು ಕೂತ.

"ಏನಕ್ಕಾ ಇದು, ನನ್ನ ಬಗ್ಗೆ ಪರೀಕ್ಷೆ ಬರೀತಿದ್ದೀಯಾ?"

"ನಿನ್ನೊಬ್ಬನ ಬಗ್ಗೆ ಹನ್ನೆರಡು ಪಾಠ ಮಾಡ್ತಾರಾ? ಅಷ್ಟು ದೊಡ್ಡ ಮನುಷ್ಯ ಅಲ್ಲ ನೀನು."

ಅವನು ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿದ ಮೇಲೆ ಹಾಳೆಯನ್ನು ಇದ್ದ ಜಾಗದಲ್ಲೇ, ಇದ್ದ ಓರೆಯಲ್ಲೇ ಇಟ್ಟು, ಅಡಿಗೆರೆ ಎಳೆದದ್ದೆಲ್ಲ ನೀನೇನಾ ಎಂದು ಕೇಳಿದ. ಹೌದೆಂದಳು. ಮೆಟ್ಟಿಲಿಳಿದು ಹೋದವನು ಮರಳಿ ಬಂದು, ಅಕ್ಕನ ಲೋಟದಲ್ಲಿ ಉಳಿದಿದ್ದ ತಣ್ಣನೆಯ ಚಹಾ ಕುಡಿದು ಹೋದ. ಚಿಕ್ಕಂದಿನಿಂದಲೂ ಮನಸ್ಸು ತುಂಬಿ ಬಂದಾಗ ಅವನು ಮಾಡುತ್ತಿದ್ದದ್ದು ಅದನ್ನೇ: ಅಕ್ಕನ ಲೋಟಕ್ಕೆ ಕೈ ಹಾಕುವುದು.

ಜನವರಿಯಲ್ಲಿ ಅಧ್ಯಾಪಕಿ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ತಾವು ದುಡಿಯುವ ಜಾಗದಲ್ಲಿ, ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಪಾಲಿಸುವ ಒಂದು ಕ್ರಮವನ್ನು ಹುಡುಕಿ ತೋರಿಸಬೇಕು. ಡ್ರೈವರ್ ಸಾಹೇಬರು ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆಂಬುದನ್ನು ಹೇಳಿದರು. ನರ್ಸ್, ರೋಗಿಯ 'ಮನೆಯವರು' ಯಾರೆಂದು ಕೇಳುವಾಗ ತಾವು ಮೊದಲು ಯಾರ ಮುಖ ನೋಡುತ್ತೇವೆಂಬುದನ್ನು ಹೇಳಿದಳು. ಸ್ಟುಡಿಯೋ ಮೇಡಂ ಫೋನನ್ನು ತಿರುಗಿಸಿ ನೆಲ ತೋರಿಸಿದಳು.

ಸ್ಟುಡಿಯೋದ ನೆಲದಲ್ಲಿ ಅಪ್ಪ ಬಣ್ಣದಿಂದ ಬರೆದ ಗುರುತುಗಳಿದ್ದವು. ಬಿಳಿ ವೃತ್ತ ಕುರ್ಚಿಗೆ. ಅದಕ್ಕೆ ತಾಗಿದಂತೆ ಹಳದಿಯ ಎರಡು ಪಾದ; ಅದು ಗಂಡಹೆಂಡಿರಿಗೆ. ಹೆಂಡತಿ ಕುರ್ಚಿಯಲ್ಲಿ, ಗಂಡ ಹಳದಿಯ ಮೇಲೆ, ಕೈ ಅವಳ ಹೆಗಲಿಗೆ. ಅಣ್ಣತಮ್ಮ, ಅಕ್ಕತಂಗಿಯರಿಗೆ ಹಸಿರು ಗೆರೆ, ಎತ್ತರದ ಪ್ರಕಾರ. ಸ್ನೇಹಿತರಿಗೆ ಕೆಂಪು, ನಡುವೆ ಒಂದು ಮೊಳ ಜಾಗ ಬಿಟ್ಟು. ಸಂಬಂಧ ಕೇಳಿ ನಿಲ್ಲಿಸು, ಮುಖ ಆಮೇಲೆ ನೋಡು ಎಂದು ಅಪ್ಪ ಕಲಿಸಿದ್ದ. ಬಂದವರು ಯಾರೆಂದು ಕೇಳಿ 'ಹಳದಿ', 'ಹಸಿರು' ಎಂದರೆ ಸಾಕು, ಅಪ್ಪನ ಕಾಲದ ಸಹಾಯಕರು ಕೈಹಿಡಿದು ನಿಲ್ಲಿಸುತ್ತಿದ್ದರು. ಓಡಾಡಿ ಬಣ್ಣ ಸವೆಯುತ್ತದೆ. ಆದ್ದರಿಂದ ಪ್ರತಿ ಜನವರಿಯಲ್ಲೂ ಆಕೆ ಮಂಡಿಯೂರಿ ಮತ್ತೆ ಬಳಿಯುತ್ತಿದ್ದಳು.

"ನೀವು ಒಂದು ಸಲ ಹೇಳಿದ್ರಲ್ಲ, ಸಹಜ ಅನ್ನೋದನ್ನ ಯಾರೋ ನಡೆಸ್ಕೊಂಡು ಹೋಗ್ತಾರೆ ಅಂತ," ಎಂದಳು ಅಧ್ಯಾಪಕಿಗೆ. "ನಮ್ಮ ಅಂಗಡಿಯಲ್ಲಿ ಅದು ನಾನೇ. ವರ್ಷಕ್ಕೊಂದು ಡಬ್ಬಿ ಬಣ್ಣ."

ಎಲ್ಲರೂ ನಕ್ಕರು. ಅಧ್ಯಾಪಕಿ ಹತ್ತಿರ ಬಾಗಿ, ಹಳದಿಯನ್ನು ಇನ್ನೊಮ್ಮೆ ತೋರಿಸಿ ಎಂದರು. ನಗು ತಣಿದ ಮೇಲೆ ಡ್ರೈವರ್ ಸಾಹೇಬರು, ಏನೂ ಕೆದಕುವ ಉದ್ದೇಶವಿಲ್ಲದೆ, ಬಸ್ಸಿನ ಮುಂದಿನ ನಿಲ್ದಾಣ ಕೇಳುವಷ್ಟು ಸಲೀಸಾಗಿ ಕೇಳಿದರು.

"ನಿಮ್ಮ ತಮ್ಮ ಯಾವುದರ ಮೇಲೆ ನಿಲ್ತಾರೆ ಮೇಡಂ?"

"ಹಸಿರು. ನನ್ನ ಪಕ್ಕ."

"ಅವರ ಜೊತೆಯವರು?"

ಆಕೆ ನೆಲ ನೋಡಿದಳು. ಯಾವ ಬಣ್ಣವೂ ಉತ್ತರ ಕೊಡಲಿಲ್ಲ. "ಅವರು ಕ್ಯಾಮೆರಾ ಹಿಂದೆ ಇರ್ತಾರೆ. ಯಾರಾದ್ರೂ ಒತ್ತಬೇಕಲ್ಲ," ಎಂದಳು. ಆಡಿ ಮುಗಿಸುವಾಗ ಅದು ತನ್ನ ಮಾತಲ್ಲ, ಮೇಷ್ಟ್ರದು ಎಂದು ನೆನಪಾಯಿತು. ನರ್ಸ್ ಮೆಲ್ಲಗೆ, ಈಗೆಲ್ಲ ಕ್ಯಾಮೆರಾಕ್ಕೆ ರಿಮೋಟ್ ಬರುತ್ತದಲ್ಲ ಎಂದಳು.

ರಿಮೋಟ್ ಇತ್ತು. ಹೊಸ ಕ್ಯಾಮೆರಾದ ಜೊತೆಗೇ ಬಂದದ್ದು, ಮೇಜಿನ ಎರಡನೆಯ ಖಾನೆಯಲ್ಲಿ, ಪ್ಲಾಸ್ಟಿಕ್ಕು ಕೂಡ ಬಿಚ್ಚದೆ. ಬಚ್ಚಿಟ್ಟದ್ದಲ್ಲ, ಮರೆತದ್ದೂ ಅಲ್ಲ, ಬೇಕೆನ್ನಿಸಿರಲಿಲ್ಲ, ಅಷ್ಟೆ. ಆ ಸಂಜೆ ಆಕೆ ಅದರ ಪ್ಲಾಸ್ಟಿಕ್ಕು ಬಿಚ್ಚಿದಳು. ಬ್ಯಾಟರಿ ಸತ್ತಿತ್ತು.

ಮರುದಿನ ಮಹಡಿಮನೆಗೆ ಹೋದಳು. ಮುಂಕೋಣೆಯ ಗೋಡೆಗೆ ಕರಿಹಲಗೆ, ಅದರ ಕೆಳಗೆ ಚಾಪೆಗಳ ಸುರುಳಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ತಮ್ಮನ ಪ್ಲಾಸ್ಟರಿನ ದವಡೆಗಳು. ಮಕ್ಕಳು ಅವುಗಳಿಗೆ ತಮ್ಮ ಶಾಲೆಯ ಹೆಡ್‌ಮಾಸ್ಟರರ ಹೆಸರಿಟ್ಟಿದ್ದಾರೆಂದು ತಮ್ಮ ಹೇಳುತ್ತಿದ್ದ. ಮೇಷ್ಟ್ರು ಕಾಲು ಮಣೆಯ ಮೇಲಿಟ್ಟುಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದರು. ದಿನವಿಡೀ ಹಲಗೆಯ ಮುಂದೆ ನಿಂತು ಅವರ ಮೊಣಕಾಲು ಹೋಗಿತ್ತು. ಆಕೆ ಸುತ್ತಿಬಳಸದೆ ವಿಷಯ ಹೇಳಿದಳು: ಈ ವರ್ಷ ನೀವೂ ಚಿತ್ರದಲ್ಲಿ ಇರಬೇಕೆಂದು ನನ್ನ ಆಸೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ತಮ್ಮನ ಸದ್ದು ನಿಂತಿತು. ನೀರು ಮಾತ್ರ ಹರಿಯುತ್ತಿತ್ತು.

ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಆಲ್ಬಮ್ಮಿಗಾದರೆ ಸಂತೋಷದಿಂದ ಬರುತ್ತೇನೆ ಎಂದರು. ಆದರೆ ಆ ಚಿತ್ರ ಹೋಗುವುದು ಗಾಜಿನ ಕಪಾಟಿಗೆ. ಟ್ಯೂಷನ್ನಿಗೆ ಬರುವ ಅರ್ಧ ಮಕ್ಕಳು ಆ ಬೀದಿಯವರೇ. ಸ್ನೇಹಿತರು ಎಂದು ಹೇಳಿದ್ದನ್ನು ನಂಬಿದವರು, ನಂಬಿದಂತೆ ಇದ್ದವರು, ಇಬ್ಬರೂ ಅದೇ ಗಾಜಿನ ಮುಂದೆ ದಿನಾ ಓಡಾಡುತ್ತಾರೆ. ನಾಳೆ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿದರೆ ತಾನು ಇನ್ಯಾವ ಕೆಲಸಕ್ಕೆ ಹೋಗಲಿ, ಈ ವಯಸ್ಸಿನಲ್ಲಿ, ಈ ಮೊಣಕಾಲಿಟ್ಟುಕೊಂಡು. ಇದನ್ನೆಲ್ಲ ಅವರು ದೂರಿನಂತಲ್ಲ, ಲೆಕ್ಕ ಬಿಡಿಸಿದಂತೆ ಹೇಳಿದರು.

ಆಕೆ ಒತ್ತಾಯ ಮಾಡಲಿಲ್ಲ. "ಪಾಠದಲ್ಲಿ ಹೇಳಿದ್ರು ಮೇಷ್ಟ್ರೇ, ಕಾಣಿಸ್ಕೊಳ್ಳೋದು ಬಿಡೋದು ಅವರವರ ಇಷ್ಟ ಅಂತ. ಅದಕ್ಕೇ ಕೇಳೋಕೆ ಬಂದೆ, ಹೇಳೋಕಲ್ಲ. ನೀವು ಬೇಡ ಅಂದ್ರೆ ಬೇಡ. ಆದ್ರೆ ಒಂದು ನಿಮಗೆ ಗೊತ್ತಿರಲಿ. ರಿಮೋಟ್ ಇದೆ. ಯಾರೂ ಒತ್ತಬೇಕಾಗಿಲ್ಲ."

ಮೇಷ್ಟ್ರು ತಿದ್ದಿದ ಹಾಳೆಗಳನ್ನು ಜೋಡಿಸಿಟ್ಟು, "ಯೋಚನೆ ಮಾಡ್ತೀನಿ ಮೇಡಂ," ಎಂದರು. ಹನ್ನೆರಡು ವರ್ಷವಾದರೂ ಅವರಿಗೆ ಆಕೆ ಮೇಡಂ.

ಹದಿನಾರರ ಬೆಳಿಗ್ಗೆ ಮೇಷ್ಟ್ರು ಎಂದಿನಂತೆ ಎಲ್ಲರಿಗಿಂತ ಮೊದಲೇ ಬಂದರು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ಅದನ್ನು ಕಂಡು ಆಕೆಗೆ ಆಸೆ ಚಿಗುರಿತು. ಆದರೆ ಅವರು ದೀಪದ ಸ್ಟ್ಯಾಂಡುಗಳನ್ನು ಸರಿಸಿ, ವೈರು ಸುತ್ತಿ, ಕ್ಯಾಮೆರಾದ ಹಿಂದೆ ಹೋಗಿ ನಿಂತರು. ಕಾಲು ತಾನಾಗಿ ಅಲ್ಲಿಗೇ ಹೋದದ್ದೋ, ತೀರ್ಮಾನ ಮಾಡಿಯೇ ಹೋದದ್ದೋ ತಿಳಿಯಲಿಲ್ಲ. ತಮ್ಮ ಅಮ್ಮನ ತೋಳು ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದ. ಎಂಬತ್ತು ದಾಟಿದ ಅಮ್ಮ ಶಾಲು ಸರಿಮಾಡಿಕೊಂಡು, ಚಿತ್ರಕ್ಕೆಂದೇ ಇಟ್ಟುಕೊಂಡ ನಗೆಯನ್ನು ತಂದುಕೊಂಡಳು. ಹಲ್ಲಿನ ಸೆಟ್ಟು ಬಂದಾಗಿನಿಂದ ಆಕೆ ಯಾವ ಚಿತ್ರದಲ್ಲೂ ಬಾಯಿ ಮುಚ್ಚಿಲ್ಲ. ಮಗನ ಕೈಕೆಲಸ ನಾಲ್ಕು ಜನಕ್ಕೆ ಕಾಣಲಿ ಎಂಬ ಹಟ.

ಅಕ್ಕ ಕ್ಯಾಮೆರಾದ ಬಳಿ ಹೋಗಿ, ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದ ಮೇಷ್ಟ್ರಿಗೆ ತನ್ನ ಅಂಗೈಯಲ್ಲಿದ್ದ ರಿಮೋಟನ್ನು ತೋರಿಸಿದಳು. ಅವರು ರಿಮೋಟು ನೋಡಿದರು, ಬೂದು ಬಟ್ಟೆ ನೋಡಿದರು, ಹಸಿರು ಗೆರೆಯ ಮೇಲೆ ನಿಂತು ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತಿದ್ದ ತಮ್ಮನನ್ನು ನೋಡಿದರು. ಆಮೇಲೆ ಬೆರಳು ತೆಗೆದು, ಕ್ಯಾಮೆರಾವನ್ನು ಬಳಸಿಕೊಂಡು ಈಚೆಗೆ ಬಂದರು. ನಾಲ್ಕೇ ಹೆಜ್ಜೆಯ ದಾರಿ. ಮಗು ಮೊದಲ ಸಲ ನಡೆದದ್ದನ್ನು ಕಂಡವರ ಹಾಗೆ ಅಕ್ಕ ಉಸಿರು ಹಿಡಿದಿದ್ದಳು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಎಡವಟ್ಟು ಆದದ್ದು ಅನಂತರ, ಅದೂ ಪಾಠ ಕಲಿತವಳಿಂದಲೇ. ಇಷ್ಟು ವರ್ಷ ತಪ್ಪಿದ ಜಾಗವನ್ನು ಇಂದು ಸರಿಯಾಗಿಯೇ ಕೊಡಬೇಕೆಂಬ ಹುರುಪಿನಲ್ಲಿ ಆಕೆ ಇನ್ನೊಂದು ಕುರ್ಚಿ ತಂದು ಅಮ್ಮನ ಪಕ್ಕ ಹಾಕಿದಳು, ಇಬ್ಬರನ್ನೂ ಹಳದಿಯ ಹತ್ತಿರ ಕರೆದಳು, ಕರೆದು, ಬಂದ ಪ್ರತಿ ಜೋಡಿಗೂ ಕೇಳುವ ಧಾಟಿಯಲ್ಲೇ ಕೇಳಿಬಿಟ್ಟಳು.

"ನಿಮ್ಮಲ್ಲಿ ಕೂರೋರು ಯಾರು, ನಿಲ್ಲೋರು ಯಾರು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ತಮ್ಮ ಮೊದಲು ತುಟಿ ಕಚ್ಚಿದ. ಆಮೇಲೆ ತಡೆಯಲಾರದೆ, "ಅಕ್ಕಾ, ಮೂರು ತಿಂಗಳು ಫೀಸು ಕಟ್ಟಿ ಕಲಿತದ್ದು ಇದೇನಾ?" ಎಂದ.

ಆಕೆಯ ಕಿವಿ ಕೆಂಪಾಯಿತು. ಪ್ರಶ್ನೆ ತನ್ನದಲ್ಲ, ನೆಲದ್ದು ಎನ್ನಿಸಿತು. ಒಬ್ಬರು ಕೂರದೆ ಒಬ್ಬರು ನಿಲ್ಲದೆ ಜೋಡಿಯನ್ನು ಚೌಕಟ್ಟಿನಲ್ಲಿ ಹಿಡಿಯುವುದು ಹೇಗೆಂದು ಆಕೆಯ ಕೈಗೆ ತಿಳಿದೇ ಇರಲಿಲ್ಲ. ಕೈಯಲ್ಲಿ ರಿಮೋಟು ಹಿಡಿದು ನಿಂತವಳನ್ನು ಅಮ್ಮ ಒಮ್ಮೆ ನೋಡಿ, ನಗೆಯನ್ನು ತಾತ್ಕಾಲಿಕವಾಗಿ ಮಡಿಸಿಟ್ಟಳು.

"ಇದಕ್ಕೂ ಪುಸ್ತಕ ನೋಡಬೇಕಾ? ಮೊಣಕಾಲು ನೋಯೋರು ಕೂತ್ಕೊಳ್ಳಲಿ. ಬಾರಪ್ಪಾ, ಬಂದು ಕೂತ್ಕೋ ಇಲ್ಲಿ. ಬೆಳಕು ಹೋಗತ್ತೆ."

ಅಮ್ಮ ಆವರೆಗೆ ಅವರನ್ನು 'ಬನ್ನಿ ಮೇಷ್ಟ್ರೇ' ಎಂದೇ ಕರೆದವಳು. ಮೇಷ್ಟ್ರು ಮಗನಂತೆ ಮಾತು ಕೇಳಿ ಬಂದು ಕೂತರು. ಮನೆಯ ಹಿರಿಯಳ ಪಕ್ಕದ ಆ ಜಾಗದಲ್ಲಿ ಹಿಂದೆ ಅಪ್ಪ ನಿಲ್ಲುತ್ತಿದ್ದ. ಅದು ಹೊಳೆದದ್ದು ಅಕ್ಕನಿಗೊಬ್ಬಳಿಗೇ ಇರಬಹುದು. ತಮ್ಮ ಅವರ ಹಿಂದೆ ನಿಂತು ಹೆಗಲ ಮೇಲೆ ಕೈ ಇಟ್ಟ, ಯಾರೂ ಹೇಳಿಕೊಡದೆ. ಅಕ್ಕ ಅಮ್ಮನ ಹಿಂದೆ ಹೋಗಿ ನಿಂತಳು. ಅವಳ ಕಾಲು ಯಾವ ಗುರುತಿನ ಮೇಲಿತ್ತೋ ಅವಳು ನೋಡಲಿಲ್ಲ.

ರಿಮೋಟು ಇತ್ತ ಕೊಡು ಎಂದಳು ಅಮ್ಮ. ಫೋಟೋದವನ ಹೆಂಡತಿಯಾಗಿ ಈ ಮನೆಗೆ ಬಂದು ಫೋಟೋದವಳ ತಾಯಿಯಾದರೂ, ಎಲ್ಲರೂ ಒತ್ತಿದ್ದಾರೆ, ತಾನೊಬ್ಬಳು ಒತ್ತಿಲ್ಲ ಎಂಬುದು ಆಕೆಯ ಅಹವಾಲು. ಶಾಲಿನ ಮರೆಯಲ್ಲಿ ಹಿಡಿದು ಒತ್ತಬೇಕು, ಕಣ್ಣು ಮಾತ್ರ ಮುಂದೆ ಎಂದು ಅಕ್ಕ ಹೇಳಿಕೊಟ್ಟಳು. ಮೊದಲ ಕೆಲವು ಚಿತ್ರಗಳಲ್ಲಿ ಅಮ್ಮ ತನ್ನ ಮಡಿಲನ್ನೇ ನೋಡುತ್ತಿದ್ದಾಳೆ. ಆಮೇಲೆ ಹಿಡಿತ ಸಿಕ್ಕಿತು. ಸಿಕ್ಕಿದ ಮೇಲೆ ಕೊಡು ಎಂದರೂ ಕೊಡಲಿಲ್ಲ. ಬೆಳಕು ಇರುವವರೆಗೆ ಒತ್ತುತ್ತಲೇ ಇದ್ದಳು.

ಆರಿಸಿದ ಚಿತ್ರದಲ್ಲಿ ಅಮ್ಮನ ಹಲ್ಲು ಎಲ್ಲವೂ ಕಾಣುತ್ತವೆ. ತಮ್ಮ ಎದೆ ಮುಂದೆ ಮಾಡಿಲ್ಲ, ಅಕ್ಕ ಗಲ್ಲ ಕೆಳಗೆ ಮಾಡಿಲ್ಲ. ಮೇಷ್ಟ್ರು ನಗುತ್ತಿಲ್ಲ, ಕಠಿಣವಾದ ಲೆಕ್ಕವೊಂದಕ್ಕೆ ಉತ್ತರ ತಾಳೆಯಾದಾಗ ಹಲಗೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರಲ್ಲ, ಆ ಮುಖ. ಬಹಳ ಚಂದದ ಮುಖ. ಇಷ್ಟು ವರ್ಷ ಇದನ್ನು ಹಿಡಿದಿಡದೆ ಹೋದೆನಲ್ಲ ಎಂದು ವೃತ್ತಿಯವಳಾಗಿ ಆಕೆಗೆ ಹೊಟ್ಟೆ ಉರಿಯಿತು.

ಕಪಾಟಿನ ಮಾತನ್ನು ಆಕೆ ಎತ್ತಲಿಲ್ಲ. ಮುದ್ರಿಸಿ, ಚೌಕಟ್ಟು ಹಾಕಿಸಿ, ಮೇಜಿನ ಮೇಲೆ ಗೋಡೆಗೆ ಒರಗಿಸಿಟ್ಟಳು. ಹಳೆಯ ಚಿತ್ರ ತೆಗೆದ ಜಾಗ ಗಾಜಿನ ಹಿಂದೆ ಖಾಲಿ ಇತ್ತು. ಎದುರಿನ ಔಷಧಿ ಅಂಗಡಿಯವರು ಬಂದು ಈ ಸಲ ಚಿತ್ರ ಇಲ್ಲವೇ ಎಂದು ಕೇಳಿದರು. ಇದೆ, ಒಣಗಬೇಕು ಎಂದಳು. ಈ ಕಾಲದ ಚಿತ್ರ ಒಣಗಬೇಕಾಗಿಲ್ಲ. ಅವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಸುಮ್ಮನಾದರು.

ಬುಧವಾರ ಬೆಳಿಗ್ಗೆ, ಆಕೆ ಅಂಗಡಿಯ ಷಟರ್ ಎತ್ತುವಾಗ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬಂದು, ಚಿತ್ರವನ್ನು ಎರಡು ಕೈಯಲ್ಲೂ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒದ್ದೆ ಬಟ್ಟೆ ಕೇಳಿ ಪಡೆದು ಕಪಾಟಿನ ಗಾಜನ್ನು ಒಳಗೂ ಹೊರಗೂ ಒರೆಸಿದರು. ಆಮೇಲೆ ತಾವೇ ಚಿತ್ರವನ್ನು ನಟ್ಟನಡುವೆ ಇಟ್ಟು, ಬೀದಿಗಿಳಿದು, ಸೊಂಟಕ್ಕೆ ಕೈಕೊಟ್ಟು ನಿಂತರು. ಶಾಲೆಯ ಹೊತ್ತು, ಟ್ಯೂಷನ್ನಿನ ಇಬ್ಬರು ಹುಡುಗಿಯರು ಸೈಕಲ್ ನಿಲ್ಲಿಸಿ ಗಾಜಿನೊಳಗೆ ನೋಡಿದರು, ಮೇಷ್ಟ್ರನ್ನು ನೋಡಿದರು, ಮತ್ತೆ ಗಾಜಿನೊಳಗೆ ನೋಡಿದರು.

"ಸಾರ್, ಇದು ನಿಮ್ಮ ಫ್ಯಾಮಿಲಿನಾ?"

"ಹೌದು," ಎಂದರು ಮೇಷ್ಟ್ರು. "ಹೋಂವರ್ಕ್ ಆಯ್ತಾ?"

ಹುಡುಗಿಯರು ಸೈಕಲ್ ಹತ್ತಿದರು. ಮೇಷ್ಟ್ರು ಬಾಗಿಲಿನಲ್ಲಿ ನಿಂತಿದ್ದವಳ ಕಡೆಗೆ ತಿರುಗಿ, "ಅಕ್ಕಾ, ಬಲಗಡೆ ಒಂಚೂರು ವಾಲಿದೆ," ಎಂದರು. ಆಕೆ ಒಳಗೆ ಹೋಗಿ ನೇರ ಮಾಡಿದಳು. ಗಾಜಿನ ಒಳಗಿನಿಂದ ನೋಡಿದರೆ ಚೌಕಟ್ಟಿನ ಬೆನ್ನು, ಅದರ ಆಚೆಗೆ ಬೀದಿಯಲ್ಲಿ ತಲೆ ಓರೆ ಮಾಡಿಕೊಂಡು ನಿಂತ ಮನುಷ್ಯ. ಆಕೆ, ಈಗ ಸರಿಯೇ ಎಂದು ಕೈಸನ್ನೆ ಮಾಡಿ ಕೇಳಿದಳು. ಸರಿ ಎಂದರು.

ಆ ವಾರ ಒಬ್ಬ ಹುಡುಗನ ತಂದೆ ಟ್ಯೂಷನ್ ಬಿಡಿಸಿದರು. 'ಅವನಿಗೆ ಬೀಜಗಣಿತ ಇನ್ನೂ ಕೂತಿಲ್ಲ, ಪಾಪ' ಎಂದು ಮೇಷ್ಟ್ರು ಚಿಂತಿಸಿದ್ದು ಅಷ್ಟೇ. ಉಳಿದವರು ಬರುತ್ತಿದ್ದಾರೆ. ಅಮ್ಮ ದಿನಕ್ಕೊಮ್ಮೆ ಕೋಲೂರಿಕೊಂಡು ಬೀದಿಗಿಳಿದು ಕಪಾಟಿನ ಮುಂದೆ ನಿಲ್ಲುತ್ತಾಳೆ. ದಾರಿಹೋಕರು ಕೇಳಲಿ ಬಿಡಲಿ, ಇದನ್ನು ಒತ್ತಿದ್ದು ನಾನು ಎನ್ನುತ್ತಾಳೆ. ಪಕ್ಕದಲ್ಲಿ ಕೂತವರು ಯಾರೆಂದು ಔಷಧಿ ಅಂಗಡಿಯವರು ಕೇಳಿದ್ದಕ್ಕೆ, ನಮ್ಮ ಹುಡುಗನ ಮನೆಯವರು, ಲೆಕ್ಕದಲ್ಲಿ ಬಹಳ ಚುರುಕು ಎಂದಳಂತೆ.

ಕೊನೆಯ ತರಗತಿಯಲ್ಲಿ ಸ್ಟುಡಿಯೋ ಮೇಡಂ ಆ ಚಿತ್ರವನ್ನು ತೋರಿಸಿದಳು, ತಾನು ಕೇಳಿದ ಪೆದ್ದು ಪ್ರಶ್ನೆಯನ್ನೂ ಅಮ್ಮ ಕೊಟ್ಟ ಉತ್ತರವನ್ನೂ ಹೇಳಿದಳು. ನಗು ನಿಲ್ಲಲು ಹೊತ್ತು ಹಿಡಿಯಿತು. ಅಧ್ಯಾಪಕಿ, ಅಮ್ಮನ ಮಾತನ್ನು ಮುಂದಿನ ತಂಡದ ಮೊದಲ ಪಾಠದಲ್ಲಿ ಹೇಳಲು ಅಪ್ಪಣೆ ಬೇಡಿದರು. ಡ್ರೈವರ್ ಸಾಹೇಬರು, ಈಗ ಎಲ್ಲರ ಮುಂದೆಯೂ ಪೂರ್ಣ ಮುಖದೊಂದಿಗೆ, ನೆಲವನ್ನು ಏನು ಮಾಡಿದಿರಿ ಎಂದು ಕೇಳಿದರು. ಆಕೆ ಫೋನು ತಿರುಗಿಸಿದಳು. ಹಳದಿ, ಹಸಿರು, ಕೆಂಪು ಯಾವುದೂ ಇರಲಿಲ್ಲ. ಕೆರೆದ ಜಾಗದಲ್ಲಿ ನೆಲ ಸ್ವಲ್ಪ ಬಿಳಿಚಿಕೊಂಡಿತ್ತು. ಕುರ್ಚಿಯ ಬಿಳಿ ವೃತ್ತ ಮಾತ್ರ ಉಳಿದಿತ್ತು, ಬೆಳಕು ಚೆನ್ನಾಗಿ ಬೀಳುವುದು ಅಲ್ಲೇ ಆದ್ದರಿಂದ. ಈಗ ಬಂದವರನ್ನು, ನೀವು ಹೇಗೆ ನಿಲ್ಲುತ್ತೀರಿ ಎಂದು ಕೇಳುತ್ತೇನೆ, ಒಂದೊಂದು ಚಿತ್ರಕ್ಕೆ ಮೊದಲಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತದೆ ಎಂದಳು. ಹೇಳುವಾಗ ದನಿಯಲ್ಲಿ ದೂರೇನೂ ಇರಲಿಲ್ಲ.

ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಆಕೆ ಬರೆದಿಟ್ಟ ಖರ್ಚು ಹೀಗೆ. ತರಗತಿಯ ಶುಲ್ಕ ಮುನ್ನೂರು. ಓದುಹಾಳೆ, ಸ್ವಂತ ಯಂತ್ರದಲ್ಲಿ ಮುದ್ರಿಸಿದ್ದು, ಕಾಗದಕ್ಕೆ ಮಾತ್ರ ನಲವತ್ತು. ರಿಮೋಟಿನ ಬ್ಯಾಟರಿ ಅರವತ್ತು. ಚೌಕಟ್ಟು, ನಾಲ್ವರಿಗೆ ಬೇಕಾದ್ದರಿಂದ ಹೋದ ವರ್ಷಕ್ಕಿಂತ ಅಗಲದ್ದು, ಐನೂರ ಇಪ್ಪತ್ತು. ಬಣ್ಣ ಬಿಡಿಸುವ ದ್ರಾವಣ ಒಂದು ಡಬ್ಬಿ, ನೂರ ಹತ್ತು. ಹಳದಿ ಬಣ್ಣ, ಈ ವರ್ಷ ಕೊಂಡಿಲ್ಲ. ಒಟ್ಟು ಒಂದು ಸಾವಿರದ ಮೂವತ್ತು.